ಉಡುಪಿಯ ಪದವಿ ತರಗತಿಯಲ್ಲಿ ಮೂಡಲ್: ಐದು ವರ್ಷಗಳ ಬಳಕೆಯ ನಂತರ

ಉಡುಪಿಯ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನಾನು 2020ರ ಲಾಕ್‌ಡೌನ್‌ನಿಂದ ಈಚೆಗೆ ಒಂದು ಸೆಮಿಸ್ಟರನ್ನೂ ಬಿಡದೆ, ಪಾಠ ಮತ್ತು ಕ್ವಿಜ್‌ಗಳನ್ನು ಆನ್‌ಲೈನ್‌ನಲ್ಲಿ ಒದಗಿಸುವ ಮೂಡಲ್ ತಂತ್ರಾಂಶವನ್ನು ಬಳಸುತ್ತ ಬಂದಿದ್ದೇನೆ. ಮಾರ್ಟಿನ್ ಡುಗಿಯಾಮಸ್ 2002ರಲ್ಲಿ ಆಸ್ಟ್ರೇಲಿಯಾದಿಂದ ಹೊರತಂದ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಖರ್ಚು ಬೀಳುವುದು ಸರ್ವರ್‌ಗೆ ಮತ್ತು ಅದನ್ನು ನೋಡಿಕೊಳ್ಳುವವರಿಗೆ.

ಮೊದಲ ವರ್ಷ ನನ್ನ ಕೋರ್ಸ್ ಪುಟ ಪಿಡಿಎಫ್‌ಗಳನ್ನು ಪೇರಿಸಿಟ್ಟ ಅಟ್ಟದಂತಿತ್ತು. ಪರೀಕ್ಷೆಯ ಹಿಂದಿನ ದಿನ ಮಾತ್ರ ಮಕ್ಕಳು ಅತ್ತ ಸುಳಿಯುತ್ತಿದ್ದರು. ಒಂದು ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನ್‌ನಲ್ಲಿ ಬೋಧಿಸಬಹುದೆಂಬ ಮಿಶ್ರ ಬೋಧನೆಯ ಕರಡನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ ಹೊರಡಿಸಿದಾಗ, ಯಾವ ಭಾಗವನ್ನು ಮನೆಗೆ ಕೊಡಬೇಕು, ಯಾವುದನ್ನು ತರಗತಿಗೆ ಉಳಿಸಿಕೊಳ್ಳಬೇಕು ಎಂದು ನಾನು ಪಾಠಪಟ್ಟಿಯನ್ನು ಮುಂದಿಟ್ಟುಕೊಂಡು ಗಂಭೀರವಾಗಿ ಯೋಚಿಸತೊಡಗಿದೆ. ಮತ್ತೆ ಮತ್ತೆ ನೋಡಬೇಕಾದ ಸೂತ್ರಗಳು ಮತ್ತು ಬಿಡಿಸಿದ ಲೆಕ್ಕಗಳು ಹತ್ತು ನಿಮಿಷದ ವೀಡಿಯೊಗಳಾದವು. ಯಾವ ದತ್ತಾಂಶಕ್ಕೆ ಯಾವ ಸರಾಸರಿ ಸಲ್ಲುತ್ತದೆ ಎಂಬ ಚರ್ಚೆ ತರಗತಿಯಲ್ಲೇ ಉಳಿಯಿತು.

ವೀಡಿಯೊ ನೋಡಿ ಮುಗಿಸಿದವರಿಗೆ ಮಾತ್ರ ಐದು ಪ್ರಶ್ನೆಗಳ ಕ್ವಿಜ್ ತೆರೆದುಕೊಳ್ಳುವಂತೆ ಮೂಡಲ್‌ನಲ್ಲಿ ಷರತ್ತು ಹಾಕಬಹುದು. ಇದರ ನಿಜವಾದ ಬೆಲೆ ನನಗೆ ತಿಳಿದದ್ದು ಮಧ್ಯಾಂಕದ ಪಾಠದಲ್ಲಿ. ತರಗತಿಗೆ ಹೋಗುವ ಮೊದಲು ಕ್ವಿಜ್‌ನ ವರದಿ ತೆರೆದರೆ, ಅರ್ಧಕ್ಕಿಂತ ಹೆಚ್ಚು ಮಂದಿಯ ಉತ್ತರ ಒಂದೇ ಬಗೆಯಲ್ಲಿ ತಪ್ಪಾಗಿತ್ತು. 10–19, 20–29 ಎಂಬ ವರ್ಗಾಂತರಗಳಲ್ಲಿ, 19 ಮತ್ತು 20ರ ನಡುವಿನ 19.5 ಎಂದು ಹಿಡಿಯಬೇಕಾದ ಎರಡನೆಯ ವರ್ಗದ ಕೆಳಗಡಿಯನ್ನು ಅವರು 20 ಎಂದೇ ಹಿಡಿದಿದ್ದರು. ಅಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ. ಹಿಂದೆಲ್ಲ ಈ ತಪ್ಪು ನನಗೆ ಕಾಣುತ್ತಿದ್ದದ್ದು ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ, ತೀರಾ ತಡವಾಗಿ.

ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಅಂಕಿಗಳನ್ನು ಕೊಡುವ ‘ಕ್ಯಾಲ್ಕುಲೇಟೆಡ್’ ಪ್ರಶ್ನೆಗಳನ್ನು ಲೆಕ್ಕದ ವಿಷಯ ಕಲಿಸುವವರೆಲ್ಲ ಕಲಿತುಕೊಳ್ಳಲೇಬೇಕು. ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಹಂಚಿಕೊಂಡು ಪ್ರಯೋಜನವಿಲ್ಲವಾದ ಮೇಲೆ ಮಕ್ಕಳು ವಿಧಾನವನ್ನೇ ಪರಸ್ಪರ ಹೇಳಿಕೊಡತೊಡಗಿದರು. ಆದರೆ ಎಷ್ಟು ವ್ಯತ್ಯಾಸದವರೆಗಿನ ಉತ್ತರ ಸರಿ ಎಂಬುದನ್ನು ಶಿಕ್ಷಕರೇ ನಮೂದಿಸಬೇಕಾಗುತ್ತದೆ. ಸಂಖ್ಯೆಯಲ್ಲಿ ಉತ್ತರಿಸುವ ಒಂದು ಪ್ರಶ್ನೆಯಲ್ಲಿ ಆ ಜಾಗಕ್ಕೆ ನಾನು ಸೊನ್ನೆ ಹಾಕಿದ್ದರಿಂದ, 12.667 ಎಂಬ ಉತ್ತರಕ್ಕೆ 12.67 ಎಂದು ಬರೆದವರಿಗೆಲ್ಲ ಅಂಕ ಹೋಯಿತು. ಆ ಸಂಜೆಯೇ ತಿದ್ದಿ ಮರುಮೌಲ್ಯಮಾಪನ ಮಾಡಿದೆನಾದರೂ, ಸರಿಯಾಗಿ ಲೆಕ್ಕ ಮಾಡಿದ ಹುಡುಗಿಯೊಬ್ಬಳು ಇಡೀ ದಿನ ತಾನು ತಪ್ಪಿದೆನೆಂದು ಕೊರಗಿದ್ದು ಇಂದಿಗೂ ನನಗೆ ನೋವಿನ ಸಂಗತಿ.

ಸರ್ವರ್ ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಯೊಂದರಿಂದ ನಮಗೆ ಒಮ್ಮೆ ತೀವ್ರ ತೊಂದರೆಯಾಯಿತು. ಬೆಳಿಗ್ಗೆ ಹತ್ತಕ್ಕೆ ಮೂರು ವಿಭಾಗಗಳ ಮಕ್ಕಳು ಒಟ್ಟಿಗೆ ಕ್ವಿಜ್ ತೆರೆದಾಗ ಪುಟವೇ ಬರಲಿಲ್ಲ, ಸಹಾಯಕ್ಕೆ ಕರೆ ಮಾಡಿದರೆ ಮಧ್ಯಾಹ್ನದವರೆಗೆ ಯಾರೂ ಎತ್ತಲಿಲ್ಲ. ಅಂದಿನಿಂದ ಕ್ವಿಜ್‌ಗಳನ್ನು ಎರಡು ದಿನ ತೆರೆದಿಡುತ್ತೇನೆ.

ನಮ್ಮ ಕರಾವಳಿಯಲ್ಲಿ ಆನ್‌ಲೈನ್ ಪಾಠದ ಮಾತು ಮಳೆಗಾಲವನ್ನು ಬಿಟ್ಟು ಆಡುವಂತಿಲ್ಲ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನವೇ ಹೆಬ್ರಿ, ಕಾರ್ಕಳ ಕಡೆಯ ಮನೆಗಳಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಟ್ಟುಕೊಳ್ಳಬಹುದು. ಕಾಲಮಿತಿ ಇಲ್ಲದ ಕ್ವಿಜ್‌ಗೆ ಶಿಕ್ಷಕರು ಅನುಮತಿಸಿದರೆ ಅದನ್ನೂ ನೆಟ್ ಇಲ್ಲದೆ ಬರೆಯಬಹುದು. ಆಗುಂಬೆ ಘಾಟಿಯ ಬುಡದಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಸಂಜೆ ಬಸ್ಸು ಹತ್ತುವ ಮೊದಲು ಕಾಲೇಜಿನ ವೈಫೈಯಲ್ಲಿ ಎಲ್ಲವನ್ನೂ ಇಳಿಸಿಕೊಂಡು ಹೋಗುತ್ತಾನೆ, ಮರುದಿನ ಬಸ್ಸು ಹೆಬ್ರಿ ಪೇಟೆಗೆ ಬಂದು ಸಿಗ್ನಲ್ ಸಿಕ್ಕಿದೊಡನೆ ಅವನ ಉತ್ತರಗಳು ನನಗೆ ತಲುಪುತ್ತವೆ. ಈ ಒಂದು ಅನುಕೂಲಕ್ಕಾಗಿಯೇ ನಮ್ಮ ಜಿಲ್ಲೆಯ ಸಹೋದ್ಯೋಗಿಗಳಿಗೆ ಮೂಡಲ್ ಬಳಸಿರೆಂದು ಒತ್ತಾಯಿಸುತ್ತೇನೆ.

ಒಂದು ವಾರದ ಪಾಠವನ್ನು ಹೀಗೆ ಅಣಿಗೊಳಿಸಲು ಈಗಲೂ ನನಗೆ ಐದಾರು ಗಂಟೆ ಬೇಕು. ಆ ಸಮಯವನ್ನು ಕಾರ್ಯಭಾರದಲ್ಲಿ ಲೆಕ್ಕ ಹಿಡಿಯದೆ ಅಧ್ಯಾಪಕರಿಗೆ ಬರಿಯ ಲಾಗಿನ್ ಕೊಟ್ಟುಬಿಟ್ಟರೆ, ನನ್ನ ಮೊದಲ ವರ್ಷದಂತೆ ಪಿಡಿಎಫ್‌ಗಳಷ್ಟೇ ಸೇರುತ್ತವೆ.