ಸಿನೆಕೊಸಿಸ್ಟಿಸ್ ಅಥವಾ ಅನಬೀನಾ: ಪ್ರಾಜೆಕ್ಟ್‌ಗೆ ಯಾವುದು?

ಮಡಿಕೇರಿ ಕಡೆಯಿಂದ ಜೀನ್ ಬದಲಿಸುವ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನೀಲಿ-ಹಸಿರು ಪಾಚಿ ಆರಿಸುವವರಿಗೆ ಇದು. ಕೈಯಲ್ಲಿ ನಾಲ್ಕೇ ತಿಂಗಳಿದ್ದರೆ ಸಿನೆಕೊಸಿಸ್ಟಿಸ್ 6803 (ಸಂಖ್ಯೆ ತಳಿಯದು) ಒಳ್ಳೆಯದು. ಹೊರಗಿನ ಡಿಎನ್‌ಎಯನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಇದರ ಪೂರ್ಣ ಜೀನೋಮ್ (ಇಡೀ ಡಿಎನ್‌ಎ ಅನುಕ್ರಮ) 1996ರಲ್ಲೇ ಸಿಕ್ಕಿದೆ. ಆದರೆ ಒಂದೊಂದು ಕೋಶದಲ್ಲೂ ಕ್ರೋಮೋಸೋಮಿನ ಹಲವು ಪ್ರತಿಗಳಿರುತ್ತವೆ. ಆ ಪ್ರತಿಗಳೆಲ್ಲದರಲ್ಲೂ ಜೀನ್ ಬದಲಾಗುವವರೆಗೆ ಆಂಟಿಬಯೋಟಿಕ್ ಪ್ಲೇಟಿನಲ್ಲಿ ಮತ್ತೆ ಮತ್ತೆ ಬೆಳೆಸಿ, ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಪರೀಕ್ಷಿಸುವ ವಿಧಾನ) ಮಾಡಿ ನೋಡುತ್ತಿರಬೇಕು.

ಅನಬೀನಾ 7120ಕ್ಕೆ ಜೀನ್ ದಾಟಿಸಲು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದ ನೆರವು ಬೇಕು, ಕೆಲಸ ಹೆಚ್ಚು. ಆದರೂ ನನ್ನ ಮನಸ್ಸು ಇದರ ಕಡೆಗೇ. ಸಾರಜನಕ ಬೆರೆಸದ ಮಾಧ್ಯಮದಲ್ಲಿ ಒಂದೆರಡು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ: ಮಣಿಸರದಂಥ ಎಳೆಯಲ್ಲಿ ಹತ್ತಿಪ್ಪತ್ತು ಕೋಶಗಳಿಗೊಂದು, ದಪ್ಪ ಗೋಡೆಯ, ಬಣ್ಣ ಮಾಸಿದ ಹೆಟೆರೊಸಿಸ್ಟ್. ಗಾಳಿಯ ಸಾರಜನಕ ಹಿಡಿಯುವುದು ಅದೇ. ನಾಪೋಕ್ಲಿನ ಭತ್ತದ ಗದ್ದೆಯೇ ನಿಮ್ಮ ಪ್ರಶ್ನೆಯಾಗಿದ್ದು, ವರ್ಷದ ಸಮಯವಿದ್ದರೆ ಇದನ್ನೇ ಹಿಡಿಯಿರಿ.