ಕ್ಯಾನ್ಸರ್ ಮಕ್ಕಳಿಗೆ ಹತ್ತು ಸಾವಿರ: ಯಾರ ಕೈಗೆ ಕೊಡೋಣ?

ಅಕ್ಕಾ, ಮಗಳ ಹುಟ್ಟುಹಬ್ಬದ ದುಡ್ಡು ಈ ಮಕ್ಕಳಿಗೆ ಹೋಗಲಿ ಅಂದಿರಲ್ಲ, ಓದಿ ಕಣ್ಣು ತುಂಬಿತು. ನೀವು ಕೇಳಿದ್ದು ಮೂರು: ಮೇಕ್ ಎ ವಿಶ್ ಇಂಡಿಯಾ, ಸೇಂಟ್ ಜೂಡ್ ಇಂಡಿಯಾ, ಇಲ್ಲವೇ ನಾವೇ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಆಟಿಕೆ ಒಯ್ಯುವುದು.

ಖುಷಿ ಮುಖ್ಯ ಅಂದರೆ ಮೇಕ್ ಎ ವಿಶ್. ಗಂಭೀರ ಕಾಯಿಲೆಯ ಮಗುವಿನ ಒಂದು ಆಸೆ ಈಡೇರಿಸುತ್ತಾರೆ. ಸೈಕಲ್ ಇರಬಹುದು, ಪೊಲೀಸ್ ಆಗುವ ಕನಸಿರಬಹುದು.

ಆದರೆ ರಕ್ತದ ಕ್ಯಾನ್ಸರ್ ಚಿಕಿತ್ಸೆ ಎರಡು-ಮೂರು ವರ್ಷವೂ ನಡೆಯಬಹುದು. ನಮ್ಮ ಕಡೆಯಿಂದ ಮುಂಬೈಗೆ ಹೋದ ಅಪ್ಪ-ಅಮ್ಮ ಎಲ್ಲಿ ಮಲಗಬೇಕು? ಬಾಡಿಗೆ ಕಟ್ಟಲಾಗದೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಮರಳುವವರಿದ್ದಾರೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. 2006ರಲ್ಲಿ ಶುರುವಾದ ಸೇಂಟ್ ಜೂಡ್ ಇಂಥ ಕುಟುಂಬಗಳಿಗೆ ಉಚಿತವಾಗಿ ಇರಲು ಜಾಗ, ಆಹಾರಕ್ಕೆ ನೆರವು ಕೊಡುತ್ತದೆ. ಚಿಕಿತ್ಸೆ ತಪ್ಪಬಾರದು ಅನ್ನುವವರಿಗೆ ಇದೇ ಸರಿ.

ಮಗಳೇ ತನ್ನ ಕೈಯಿಂದ ಕೊಡಬೇಕು ಅಂದರೆ ನವನಗರ. ಖರ್ಚು ಕಡಿಮೆ, ಜವಾಬ್ದಾರಿ ಜಾಸ್ತಿ. ಕೀಮೋ ಆದ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ಹಾಗಾಗಿ ಬಳಸಿದ ಗೊಂಬೆ, ಹೂವು ಬೇಡ. ಹೊಸ ಬಣ್ಣದ ಪೆನ್ಸಿಲ್, ತೊಳೆಯಬಹುದಾದ ಪ್ಲಾಸ್ಟಿಕ್ ಆಟಿಕೆ ಒಳ್ಳೆಯದು. ಮೊದಲೇ ಅನುಮತಿ ಕೇಳಿ. ನೆಗಡಿ ಇದ್ದರೆ ಅಂದು ಹೋಗಲೇಬೇಡಿ. ಫೋಟೋ ತೆಗೆಯುವುದೂ ಬೇಡ, ಅಲ್ವಾ?

ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ 80ಜಿ, ಅಂದರೆ ದಾನಕ್ಕೆ ವಿನಾಯಿತಿ ಸಿಗುವ ನೋಂದಣಿ, ಇದೆಯೇ ನೋಡಿ. ಅದು ಹಳೆ ತೆರಿಗೆ ಪದ್ಧತಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಸಿಗಲ್ಲ, ಆನ್‌ಲೈನ್‌ನಲ್ಲೇ ಕಳಿಸಿ.