ಕೊಯ್ಲಾದ ಗದ್ದೆಯಲ್ಲಿ ಐದು ದಿನ: ಸ್ಕೌಟ್ಸ್-ಗೈಡ್ಸ್ ಮೇಳವೊಂದರ ಸಾಹಸ ಶಿಬಿರ ಸೇವೆಯ ವಿಮರ್ಶೆ

ಕಳೆದ ಡಿಸೆಂಬರ್‌ನಲ್ಲಿ, ಹುತ್ತರಿ ಸುಗ್ಗಿ ಹಬ್ಬ ಮುಗಿದು ಗದ್ದೆಗಳೆಲ್ಲ ಕೊಯ್ಲಾದ ಮೇಲೆ, ಕೊಡಗಿನ ಸುಂಟಿಕೊಪ್ಪ ಮತ್ತು ಕುಶಾಲನಗರದ ನಡುವಿನ ಒಂದು ಬಯಲಿನಲ್ಲಿ ಹಲವು ಶಾಲೆಗಳು ಸೇರಿ ಐದು ದಿನಗಳ ಸ್ಕೌಟ್ಸ್ ಮತ್ತು ಗೈಡ್ಸ್ ಮೇಳವನ್ನು ನಡೆಸಿದವು. ಗೈಡ್ ಕ್ಯಾಪ್ಟನ್ ಆಗಿ ನಮ್ಮ ಶಾಲೆಯ ಎರಡು ಪೆಟ್ರೋಲ್‌ಗಳನ್ನು (ಎಂಟೆಂಟು ಮಂದಿಯ ತುಕಡಿಗಳನ್ನು), ಅಂದರೆ ಹದಿನಾರು ಹುಡುಗಿಯರನ್ನು, ನಾನು ಕರೆದುಕೊಂಡು ಹೋಗಿದ್ದೆ. ಒಟ್ಟು 620 ಮಕ್ಕಳಿದ್ದರು. ತಲಾ ಶುಲ್ಕ 1,450 ರೂಪಾಯಿ. ಡೇರೆ, ಜಿಪ್‌ಲೈನ್, ಹಗ್ಗದ ಸೇತುವೆ, ಗೋಡೆ ಹತ್ತುವಿಕೆ ಮತ್ತು ಅವುಗಳ ತರಬೇತುದಾರರು, ಇವಿಷ್ಟನ್ನೂ ಒಂದು ಖಾಸಗಿ ಸಾಹಸ ತಂಡಕ್ಕೆ ವಹಿಸಲಾಗಿತ್ತು. ಈ ಬರಹ ಮುಖ್ಯವಾಗಿ ಆ ತಂಡದ ಸೇವೆಯನ್ನು ಕುರಿತದ್ದು. ತಪ್ಪನ್ನು ಅವರು ಅದೇ ದಿನ ತಿದ್ದಿಕೊಂಡ ಕಾರಣ ಹೆಸರು ಹೇಳುವುದು ಬೇಡವೆನಿಸಿತು. ಆದರೆ ಅಲ್ಲಿ ಕಂಡದ್ದು ಇಂಥ ಮೇಳಗಳಿಗೆ ಮಕ್ಕಳನ್ನು ಕಳುಹಿಸುವ ಪ್ರತಿಯೊಬ್ಬ ಶಿಕ್ಷಕರಿಗೂ ಪೋಷಕರಿಗೂ ತಿಳಿದಿರಬೇಕು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಸ್ಥಳದ ಆಯ್ಕೆ ಚೆನ್ನಾಗಿತ್ತು. ಗದ್ದೆ ಒಣಗಿತ್ತು, ಬದುಗಳನ್ನು ಅಲ್ಲಲ್ಲಿ ಕಡಿದು ನೀರು ಹರಿಯಲು ದಾರಿ ಮಾಡಿದ್ದರು, ಡೇರೆಗಳ ಒಳಗೆ ಹೊಸ ಹುಲ್ಲನ್ನು ದಪ್ಪವಾಗಿ ಹಾಸಿ ಅದರ ಮೇಲೆ ಜಮಖಾನೆ ಹೊದಿಸಿದ್ದರು. ಡಿಸೆಂಬರ್ ರಾತ್ರಿಯ ಇಬ್ಬನಿಗೂ ಚಳಿಗೂ ಇದಕ್ಕಿಂತ ಅಗ್ಗದ ಮತ್ತು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಆನೆಕಾಡು ಹತ್ತಿರವಿದ್ದುದರಿಂದ ಮೊದಲ ಕಾರ್ಯಕ್ರಮ ಪಟ್ಟಿಯಲ್ಲಿದ್ದ ರಾತ್ರಿ ನಡಿಗೆಯನ್ನು ತೆಗೆದುಹಾಕಿ, ಬಯಲಿನಲ್ಲೇ ನಕ್ಷತ್ರ ಗುರುತಿಸುವ ಕಾರ್ಯಕ್ರಮವನ್ನು ಇಟ್ಟರು. ಮಕ್ಕಳು ಗೊಣಗಿದರು. ನನಗೆ ಸಮಾಧಾನವಾಯಿತು, ಏಕೆಂದರೆ ಕಾಫಿ ತೋಟಗಳ ನಡುವೆ ಕತ್ತಲಲ್ಲಿ ಆನೆ ಎದುರಾಗುವುದು ನಮ್ಮ ಕಡೆ ಕಟ್ಟುಕಥೆಯಲ್ಲ.

ತಡಿಯಂಡಮೋಳ್‌ಗೆ ಹೋಗಬೇಕೆಂಬ ಆಸೆ ಹಲವರಿಗಿತ್ತು. 1,748 ಮೀಟರ್ ಎತ್ತರದ, ಜಿಲ್ಲೆಯ ಅತಿ ಎತ್ತರದ ಶಿಖರವನ್ನು ಏರಿದೆವೆಂದು ಹೇಳಿಕೊಳ್ಳುವುದು ಹದಿಮೂರು ವರ್ಷದ ಮಗುವಿಗೆ ದೊಡ್ಡ ಸಂಗತಿಯೇ. ಆದರೆ ಕಕ್ಕಬ್ಬೆಯವರೆಗಿನ ಬಸ್ಸಿನ ಖರ್ಚು ಮತ್ತು ಹೋಗಿಬರುವ ಸಮಯವನ್ನು ಲೆಕ್ಕ ಹಾಕಿ, ಸ್ಕೌಟ್ಸ್-ಗೈಡ್ಸ್‌ನ ರಾಜ್ಯ ಮಟ್ಟದ ಪ್ರಶಸ್ತಿಯಾದ ರಾಜ್ಯ ಪುರಸ್ಕಾರಕ್ಕೆ ಸಿದ್ಧವಾಗುತ್ತಿದ್ದ ದೊಡ್ಡ ಮಕ್ಕಳನ್ನು ಮಾತ್ರ ಹತ್ತಿರದ ಕೋಟೆಬೆಟ್ಟಕ್ಕೆ ಕರೆದೊಯ್ದರು. ಬರಪೊಳೆಯ ರಾಫ್ಟಿಂಗ್ ಮಳೆಗಾಲದ ಆಟವಾದ್ದರಿಂದ ಅದರ ಪ್ರಶ್ನೆಯೇ ಏಳಲಿಲ್ಲ. ಈ ತೀರ್ಮಾನಗಳಲ್ಲಿ ನನಗೆ ಕೊರತೆ ಕಾಣಲಿಲ್ಲ.

ಕೊರತೆ ಕಂಡದ್ದು ಜಿಪ್‌ಲೈನ್‌ನಲ್ಲಿ, ಅಂದರೆ ತಂತಿಗೆ ತೂಗುಬಿದ್ದು ಜಾರುವ ಆಟದಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಸಲಕರಣೆಗಳು ಒಳ್ಳೆಯವು. ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿಗಳು) ಮತ್ತು ಕ್ಯಾರಬೀನರ್‌ಗಳ (ಲೋಹದ ಕೊಂಡಿಗಳ) ಮೇಲೆ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವಾದ ಯುಐಎಎಯ ಗುರುತಿತ್ತು, ಕ್ಯಾರಬೀನರ್‌ಗಳೆಲ್ಲ ತಿರುಗಿಸಿ ಬೀಗ ಹಾಕುವ ಬಗೆಯವು, ಹೆಲ್ಮೆಟ್‌ಗಳಲ್ಲಿ ಬಿರುಕಿರಲಿಲ್ಲ. ಬೆಳಗ್ಗೆ ಇಬ್ಬನಿಯಲ್ಲಿ ನೆನೆದ ಹಗ್ಗಗಳನ್ನು ಒಣಗಿಸಿದ ಮೇಲೆಯೇ ಕೆಲಸ ಆರಂಭಿಸಿದರು. ಮೊದಲ ದಿನ ಒಬ್ಬರು ಹಾರ್ನೆಸ್ ಕಟ್ಟುತ್ತಿದ್ದರು, ಇನ್ನೊಬ್ಬರು ಅದನ್ನು ಕೈಯಿಂದ ಎಳೆದು ನೋಡುತ್ತಿದ್ದರು, ಮೂರನೆಯವರು ಆಚೆ ದಡದಲ್ಲಿ ಮಕ್ಕಳನ್ನು ಇಳಿಸಿಕೊಳ್ಳುತ್ತಿದ್ದರು. ಹೀಗೆ ಕ್ರಮವಾಗಿ ಮಾಡಿದಾಗ ಒಂದು ಮಗುವಿಗೆ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತಿತ್ತು, ಅಂದರೆ ಗಂಟೆಗೆ 40 ಮಕ್ಕಳು. 620 ಮಕ್ಕಳಿಗೆ ಹದಿನೈದು ಗಂಟೆಗಳಿಗೂ ಹೆಚ್ಚು ಬೇಕು. ವೇಳಾಪಟ್ಟಿಯಲ್ಲಿ ಇದ್ದದ್ದು ಎರಡು ದಿನ, ದಿನಕ್ಕೆ ನಾಲ್ಕು ಗಂಟೆ. ಆ ಎಂಟು ಗಂಟೆಗಳನ್ನು ಎಲ್ಲರಿಗೂ ಹಂಚಿದರೆ ಒಂದು ಮಗುವಿಗೆ ಸಿಗುವುದು 46 ಸೆಕೆಂಡು ಮಾತ್ರ. ಕಾಗದದ ಮೇಲೆ ಈ ಭಾಗಾಕಾರವನ್ನು ಯಾರೂ ಮಾಡಿರಲಿಲ್ಲ. ಮೇಳಕ್ಕೆ ಮುನ್ನ ನಾನೂ ಮಾಡಿರಲಿಲ್ಲ, ಆ ಬಗ್ಗೆ ನನಗೆ ಈಗಲೂ ಬೇಸರವಿದೆ.

ಎರಡನೆಯ ದಿನ ಸಾಲು ಅಡುಗೆ ಡೇರೆಯವರೆಗೆ ಬೆಳೆದಿತ್ತು. ಪರೀಕ್ಷಿಸುತ್ತಿದ್ದವರನ್ನು ಬೇರೆ ಕೆಲಸಕ್ಕೆ ಕರೆದುಕೊಂಡರು, ಕಟ್ಟುವವರೇ ಪರೀಕ್ಷಿಸುವವರೂ ಆದರು. ನಮ್ಮ ಹುಡುಗಿಯೊಬ್ಬಳು ಅಟ್ಟಣಿಗೆಯ ಅಂಚಿಗೆ ಬಂದಾಗ, ಪಕ್ಕದಲ್ಲಿ ಸ್ವಯಂಸೇವಕಿಯಾಗಿ ನಿಂತಿದ್ದ ಒಬ್ಬ ರೇಂಜರ್ (ಗೈಡ್ಸ್‌ನ ಹಿರಿಯ ವಿಭಾಗದ ಯುವತಿ), ಅವಳ ಬಲಗಾಲಿನ ಪಟ್ಟಿಯನ್ನು ಬಕಲ್‌ನಲ್ಲಿ ಒಮ್ಮೆ ಮಾತ್ರ ತೂರಿಸಿರುವುದನ್ನು ಕಂಡು ಕೂಗಿದಳು. ಆ ಬಗೆಯ ಬಕಲ್‌ನಲ್ಲಿ ಪಟ್ಟಿಯನ್ನು ಹಿಂದಕ್ಕೆ ಮಡಿಸಿ ಎರಡನೆಯ ಬಾರಿ ತೂರಿಸದಿದ್ದರೆ ಭಾರ ಬಿದ್ದಾಗ ಅದು ಜಾರಿ ಬರಬಹುದು. ಏನೂ ಆಗಲಿಲ್ಲ. ನಾನು ನಿಲ್ಲಿಸುವಂತೆ ಕೇಳಿದೆ. ತಂಡದ ಮುಖ್ಯಸ್ಥರು ಒಂದು ಮಾತನ್ನೂ ಎದುರಾಡದೆ ನಲವತ್ತು ನಿಮಿಷ ತಂತಿಯನ್ನು ಮುಚ್ಚಿ, ಎಲ್ಲ ಹಾರ್ನೆಸ್‌ಗಳನ್ನು ಮತ್ತೆ ನೋಡಿ, ಪರೀಕ್ಷಕರನ್ನು ವಾಪಸು ಕರೆಸಿಕೊಂಡರು. ಆ ದಿನ ಸುಮಾರು ಇನ್ನೂರು ಮಕ್ಕಳಿಗೆ ಸರದಿ ಸಿಗಲಿಲ್ಲ, ಅವರಲ್ಲಿ ಕೆಲವರು ಅತ್ತರು. ಮುಖ್ಯಸ್ಥರ ನಡವಳಿಕೆಯನ್ನು ನಾನು ಗೌರವಿಸುತ್ತೇನೆ. ಮಕ್ಕಳ ಅಳುವಿಗೆ ಹೆದರಿ ಅವರು ತಂತಿಯನ್ನು ಬೇಗ ತೆರೆಯಲಿಲ್ಲ.

ಸಂಜೆ ಕುಳಿತು ಲೆಕ್ಕ ಹಾಕಿದೆವು. ತಂತಿಯ ಮೇಲೆ ಜಾರಲು ಅರ್ಧ ನಿಮಿಷವೂ ಬೇಡ, ಸಮಯ ಹೋಗುವುದು ಕಟ್ಟುವುದರಲ್ಲಿ ಮತ್ತು ಪರೀಕ್ಷಿಸುವುದರಲ್ಲಿ. ಇನ್ನಿಬ್ಬರು ತರಬೇತುದಾರರಿದ್ದು, ಒಬ್ಬಳು ಜಾರುತ್ತಿರುವಾಗಲೇ ಮುಂದಿನವರನ್ನು ಕೆಳಗೆ ಸಿದ್ಧಪಡಿಸಿದ್ದರೆ ಎಂಟು ಗಂಟೆಗಳು ಸಾಕಾಗುತ್ತಿದ್ದವು. ಒಬ್ಬರಿಗೆ ದಿನಕ್ಕೆ 1,500 ರೂಪಾಯಿಯಂತೆ ಇಬ್ಬರಿಗೆ ಎರಡು ದಿನಕ್ಕೆ 6,000 ರೂಪಾಯಿ. ಒಂದು ಮಗುವಿನ ಪಾಲಿಗೆ ಹತ್ತು ರೂಪಾಯಿಯೂ ಬರುವುದಿಲ್ಲ. ಕೊನೆಯ ರಾತ್ರಿಯ ವೇದಿಕೆಗೆ ಬಣ್ಣದ ದೀಪ, ದೊಡ್ಡ ಧ್ವನಿವರ್ಧಕ, ಹೆದ್ದಾರಿಯುದ್ದಕ್ಕೂ ಫ್ಲೆಕ್ಸ್ ಇದ್ದವು. ಖರ್ಚು ಕಡಿಮೆ ಮಾಡುವ ಮಾತು ಬಂದಾಗ ಅವುಗಳನ್ನು ಮುಟ್ಟದೆ ತರಬೇತುದಾರರ ಸಂಖ್ಯೆಯನ್ನು ಇಳಿಸಿದ್ದು ಸಂಘಟಕರ ತೀರ್ಮಾನ. ಸಾಹಸ ತಂಡ ಅದನ್ನು ಒಪ್ಪಿಕೊಳ್ಳಬಾರದಿತ್ತು.

ಇನ್ನೊಂದು ವಿಷಯದಲ್ಲಿ ನನ್ನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೂರನೆಯ ದಿನ, ಹೆಚ್ಚುವರಿಯಾಗಿ 350 ರೂಪಾಯಿ ಕೊಟ್ಟವರಿಗೆ ಕಯಾಕಿಂಗ್ (ಸಣ್ಣ ದೋಣಿ ನಡೆಸುವ ಆಟ) ಎಂದು ಪ್ರಕಟಿಸಿದರು. ಸುರಕ್ಷತೆಯಲ್ಲಿ ಲೋಪವಿರಲಿಲ್ಲ, ಲೈಫ್ ಜಾಕೆಟ್‌ಗಳೂ ಎಸೆಯುವ ಹಗ್ಗವೂ ಇದ್ದವು. ಆದರೆ ನಮ್ಮ ಎಂಟು ಮಂದಿಯ ಒಂದು ಪೆಟ್ರೋಲ್‌ನಲ್ಲಿ ಮೂವರ ಬಳಿ ಮಾತ್ರ ಅಷ್ಟು ಹಣವಿತ್ತು. ಉಳಿದವರಲ್ಲಿ ಹೆಚ್ಚಿನವರು ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು. 1,450 ರೂಪಾಯಿಯನ್ನೇ ಅವರ ತಾಯಂದಿರು ಎರಡು ವಾರದ ಬಟವಾಡೆಯಿಂದ ಒಟ್ಟುಮಾಡಿ ತಂದುಕೊಟ್ಟಿದ್ದರು. ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಡೇರೆ ಕಟ್ಟಿದ ಪೆಟ್ರೋಲ್ ಆ ಮಧ್ಯಾಹ್ನ ಹಣವಿದ್ದವರು ಮತ್ತು ಇಲ್ಲದವರು ಎಂದು ಒಡೆಯಿತು. ನಾವು ಮೂವರನ್ನೂ ಕಳುಹಿಸಲಿಲ್ಲ. ಪೆಟ್ರೋಲ್ ಲೀಡರ್ ತಾನೇ ಬಂದು ಹೋಗುವುದಿಲ್ಲವೆಂದಳು. ಒಂದು ಚಟುವಟಿಕೆ ಎಲ್ಲರ ಶುಲ್ಕದೊಳಗೆ ಬರುವುದಾದರೆ ಇರಲಿ, ಇಲ್ಲದಿದ್ದರೆ ಮೇಳದಲ್ಲಿ ಅದು ಬೇಡ.

ಐದು ದಿನಗಳಲ್ಲಿ ನಮ್ಮ ಮಕ್ಕಳು ಅತ್ಯಂತ ಹುರುಪಿನಿಂದ ಮಾಡಿದ ಕೆಲಸಕ್ಕೆ ತಗುಲಿದ ಖರ್ಚು ಬಿದಿರು ಮತ್ತು ಹಗ್ಗದ್ದು ಮಾತ್ರ. ಬಯಲಿನ ಅಂಚಿನ ತೋಡಿಗೆ ಅಡ್ಡಲಾಗಿ ಮಂಕಿ ಬ್ರಿಜ್ ಎಂಬ ಹಗ್ಗದ ಸೇತುವೆ ಕಟ್ಟಬೇಕಿತ್ತು. ತರಗತಿಯಲ್ಲಿ ನಿದ್ದೆ ಬರಿಸುತ್ತಿದ್ದ ಕ್ಲೋವ್ ಹಿಚ್ ಮತ್ತು ಸ್ಕ್ವೇರ್ ಲ್ಯಾಶಿಂಗ್ ಎಂಬ ಗಂಟು-ಕಟ್ಟುಗಳು ಅಲ್ಲಿ ಜೀವ ಪಡೆದವು, ಏಕೆಂದರೆ ಗಂಟು ಸಡಿಲವಾದರೆ ನೀರಿಗೆ ಬೀಳುವವರು ತಾವೇ. ನೀರು ಮೊಣಕಾಲಿನಷ್ಟಿತ್ತು, ಇಬ್ಬರು ಬಿದ್ದರು, ಒದ್ದೆಯಾಗಿ ನಗುತ್ತಾ ಎದ್ದುಬಂದು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಸಾಹಸ ತಂಡದ ಕಿರಿಯ ತರಬೇತುದಾರರೊಬ್ಬರು ಇಡೀ ಬೆಳಗ್ಗೆ ದಡದಲ್ಲಿ ಕುಳಿತು, ಕೇಳಿದಾಗ ಮಾತ್ರ ಬಾಯಿ ಬಿಟ್ಟರು. ಕಲಿಸುವವರಲ್ಲಿ ಇಂಥ ತಾಳ್ಮೆ ಅಪರೂಪ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಪೆಟ್ರೋಲ್‌ಗಳಾಗಿ ಹಂಚಿ ಶಿಬಿರ ನಡೆಸಿದ್ದು ಇಂಥ ಕಲಿಕೆಗಾಗಿಯೇ, ಮತ್ತು 620 ಮಕ್ಕಳ ಮೇಳದಲ್ಲೂ ಎಂಟೆಂಟು ಮಂದಿಯ ಗುಂಪಾದಾಗ ಅದು ಸಾಧ್ಯವೆಂದು ಆ ತೋಡಿನ ದಡದಲ್ಲಿ ಕಂಡಿತು.

ಊಟ ಸರಳವಾಗಿತ್ತು, ಬಿಸಿಯಾಗಿತ್ತು. ಒಂದು ರಾತ್ರಿ ಕಡಂಬುಟ್ಟು (ಕೊಡಗಿನ ಅಕ್ಕಿ ಕಡುಬು) ಮತ್ತು ಕಡಲೆ ಸಾರು ಕೊಟ್ಟಾಗ ಹೊರ ಜಿಲ್ಲೆಯ ಮಕ್ಕಳು ಎರಡು ಬಾರಿ ಸಾಲು ನಿಂತರು. ಶೌಚಾಲಯಗಳು 24, ಅಂದರೆ ಸುಮಾರು 26 ಮಕ್ಕಳಿಗೆ ಒಂದು. ಬೆಳಗ್ಗೆ ಐದಕ್ಕೆ ಎದ್ದರೂ ಧ್ವಜಾರೋಹಣಕ್ಕೆ ತಡವಾಗುತ್ತಿತ್ತು, ಕೆಲವು ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇದನ್ನು ಸಣ್ಣ ದೂರೆಂದು ತಳ್ಳಿಹಾಕಬಾರದು. 2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ ಸುಮಾರು 43,000 ಮಂದಿ ಸೇರಿದ್ದ ವಿಶ್ವ ಸ್ಕೌಟ್ ಜಾಂಬೂರಿ (ಮಹಾಮೇಳ) ಕುಸಿದದ್ದು ಯಾವುದೇ ಸಾಹಸ ಕ್ರೀಡೆಯಿಂದಲ್ಲ. ಸಮುದ್ರ ತುಂಬಿಸಿ ಮಾಡಿದ ನೆರಳಿಲ್ಲದ ನೆಲ, ಬಿಸಿಲಿನ ಝಳ, ನಿಂತ ನೀರು ಮತ್ತು ಕೊಳಕಾದ ಶೌಚಾಲಯಗಳು ಮಕ್ಕಳನ್ನು ಹಣ್ಣು ಮಾಡಿದವು. ಬ್ರಿಟನ್ ಮತ್ತು ಅಮೆರಿಕದ ತಂಡಗಳು ಅರ್ಧದಲ್ಲೇ ಹೊರಟವು, ಕೊನೆಗೆ ಚಂಡಮಾರುತದ ಭಯದಿಂದ ಆಗಸ್ಟ್ 8ರಂದು ಎಲ್ಲರನ್ನೂ ಸ್ಥಳಾಂತರಿಸಬೇಕಾಯಿತು.

ಆಂಬುಲೆನ್ಸ್ ಒಂದು ಹಗಲಿರುಳು ಬಯಲಿನಲ್ಲೇ ಇತ್ತು, ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ. ಐದು ದಿನಗಳಲ್ಲಿ ಅದು ಒಮ್ಮೆ ಹೊರಟಿತು, ಕಾಲು ಉಳುಕಿದ ಒಬ್ಬ ಸ್ಕೌಟ್‌ಗಾಗಿ.

ಐದರಲ್ಲಿ ನಾನು ಕೊಡುವ ಅಂಕ ಮೂರೂವರೆ. ಸಲಕರಣೆಗೆ ಮತ್ತು ತಪ್ಪೊಪ್ಪಿಕೊಂಡ ರೀತಿಗೆ ಅಂಕ ಕಡಿತಗೊಳಿಸಿಲ್ಲ. ಜನರ ಕೊರತೆಗೆ ಒಂದು, ಕಯಾಕಿಂಗ್ ಶುಲ್ಕಕ್ಕೆ ಅರ್ಧ ಕಳೆದಿದ್ದೇನೆ. ಈ ವರ್ಷ ಅದೇ ತಂಡದ ಹೆಸರು ಮತ್ತೆ ಬಂದಿದೆ. ಹೋಗುವುದಕ್ಕೆ ಒಪ್ಪಿದ್ದೇವೆ, ಆದರೆ ಒಪ್ಪಿಗೆ ಪತ್ರದ ಜೊತೆಗೆ ಪ್ರತಿ ಚಟುವಟಿಕೆಯ ಎದುರು ಮಕ್ಕಳ ಸಂಖ್ಯೆ, ಗಂಟೆಗಳು, ಕಟ್ಟುವವರು ಮತ್ತು ಪರೀಕ್ಷಿಸುವವರು ಎಂಬ ನಾಲ್ಕು ಅಂಕಣಗಳ ಒಂದು ಹಾಳೆಯನ್ನು ತುಂಬಿ ಕಳುಹಿಸಲು ಕೇಳಿದ್ದೇವೆ. ಜಿಪ್‌ಲೈನ್‌ನ ಸಾಲಿನಲ್ಲಿ ಈ ಬಾರಿ ಐದು ಜನರ ಹೆಸರು ಬರೆದು ಕಳುಹಿಸಿದ್ದಾರೆ.